ಗೋದಾಮಿನ ಕೆಲಸಕ್ಕೆ ಸೇರುವವರಿಗೆ

ನಮ್ಮ ವಾಚನಾಲಯದ ಮೇಜಿನ ಸುತ್ತ ಸಂಜೆ ಕೂಡುವ ತರುಣರ ಬಾಯಲ್ಲಿ ಈಚೆಗೆ ಪದೇ ಪದೇ ಕೇಳಿಬರುವ ಊರಿನ ಹೆಸರು ಭಿವಂಡಿ. ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದು ಕಟ್ಟಡದ ಕೆಲಸದಲ್ಲಿ ಬೇಸತ್ತವರು, ಹೋಟೆಲಿನ ಪಾಳಿ ಸಾಕಾದವರು, ಅಂಗಡಿ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡ ಗುಮಾಸ್ತರು, ಎಲ್ಲರದೂ ಒಂದೇ ಪ್ರಶ್ನೆ: “ಅಲ್ಲಿಯ ಗೋದಾಮುಗಳಲ್ಲಿ ಕೆಲಸವಿದೆಯಂತೆ, ಹೋಗಬಹುದೆ? ಹೋದರೆ ಮುಂದೆ ಬರುವುದುಂಟೆ, ಇಲ್ಲ ಜೀವಮಾನವೆಲ್ಲ ಪೆಟ್ಟಿಗೆ ಹೊರುವುದೆ?”

ನಾವು ಬಟ್ಟೆಯ ಗಿರಣಿಯೊಂದರ ದಫ್ತರದಲ್ಲಿ ಲೆಕ್ಕ ಬರೆಯುವವರು. ನಮ್ಮಲ್ಲಿ ಕಟ್ಟಿದ ಬೇಲುಗಳು ಗೋದಾಮಿಗೆ ಹೋಗುತ್ತವೆ, ಅಲ್ಲಿಯ ರಶೀದಿಗಳು ನಮ್ಮ ಮೇಜಿಗೆ ಬರುತ್ತವೆ. ಲೆಕ್ಕ ಕೂಡದಿದ್ದಾಗ ನಾವೇ ಅಲ್ಲಿಗೆ ಹೋಗಿ ನಿಲ್ಲಬೇಕಾಗುತ್ತದೆ. ಆ ಪರಿಚಯದಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಹೋಗಬಹುದು ಎಂಬುದೇ ನಮ್ಮ ಉತ್ತರ. ಆದರೆ ಗೋದಾಮು ಎಂದರೇನೆಂಬುದನ್ನು ತಿಳಿದು ಹೋಗಬೇಕು. ನಮ್ಮ ಕಡೆ ದೊಡ್ಡ ಮದುವೆಯಾದರೆ ಮನೆಯ ಒಂದು ಕೋಣೆಯನ್ನು ಉಗ್ರಾಣ ಮಾಡುತ್ತಾರೆ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ತುಪ್ಪ ಎಲ್ಲವೂ ಅದರೊಳಗೆ. ಬೀಗದ ಕೈ ಒಬ್ಬರ ಸೊಂಟದಲ್ಲಿ. ಚೀಲ ಹೊತ್ತು ತಂದವರು ಹತ್ತು ಮಂದಿ ಇರಬಹುದು, ಅಡಿಗೆಯವರು ತುಪ್ಪ ಕೇಳುವುದು ಮಾತ್ರ ಬೀಗದ ಕೈ ಇದ್ದವರನ್ನು. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಹೇಳಬಲ್ಲವರು ಅವರೊಬ್ಬರೇ. ಭಿವಂಡಿಯಲ್ಲಿ ಎಕರೆಗಟ್ಟಲೆ ಹರಡಿದ ತಗಡಿನ ಮಾಡಿನ ಗೋದಾಮೂ ಇಂಥದೇ ಉಗ್ರಾಣ. ಮದುವೆ ಮಾತ್ರ ಮುಗಿಯುವುದಿಲ್ಲ. ಅಲ್ಲಿ ಮೈ ದುಡಿಸಿ ಮಾಡುವ ಕೆಲಸವೊಂದು, ಎಣಿಕೆಯ ಕೆಲಸ ಇನ್ನೊಂದು. ಬಹುಮಂದಿ ಮೊದಲನೆಯದಕ್ಕೇ ಸೇರುತ್ತಾರೆ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಆದರೆ ಒಂದೆರಡು ವರ್ಷದೊಳಗೆ ಎರಡನೆಯದಕ್ಕೆ ದಾಟದಿದ್ದರೆ ಅಲ್ಲಿಯೇ ಉಳಿದುಬಿಡುವ ಭಯವುಂಟು.

ಕೈಮಗ್ಗ, ವಿದ್ಯುತ್ ಮಗ್ಗಗಳ ಊರಾಗಿದ್ದ ಭಿವಂಡಿ ಗೋದಾಮುಗಳ ಊರಾದದ್ದು ಹೇಗೆ ಎಂಬುದನ್ನೂ ಸ್ವಲ್ಪ ಹೇಳಬೇಕು. ಮುಂಬಯಿ ಮಹಾನಗರಪಾಲಿಕೆಯ ಗಡಿಯೊಳಕ್ಕೆ ಬರುವ ಸರಕಿಗೆ ಹಿಂದೆ ಜಕಾತಿ ತೆರಬೇಕಾಗಿತ್ತು. ಮಾರಾಟವಾಗುವ ಮೊದಲೇ ಜಕಾತಿ ಕೊಡುವುದು ಯಾರಿಗೆ ಬೇಕು? ಸರಕನ್ನು ಗಡಿಯಾಚೆ ಇಟ್ಟು, ಬೇಕಾದಾಗ ಬೇಕಾದಷ್ಟನ್ನೇ ಒಳಗೆ ತರುವುದು ವ್ಯಾಪಾರಿಗಳ ಜಾಣತನವಾಯಿತು. ಠಾಣೆಯಿಂದ ದಾಟಿದೊಡನೆ ಸಿಕ್ಕುವ ಕಾಶೇಳಿ, ಕಾಲ್ಹೇರ್, ಪೂರ್ಣಾ, ರಾಹನಾಳ, ಮಾಣ್‌ಕೋಳಿ ಹಳ್ಳಿಗಳ ಭತ್ತದ ಗದ್ದೆಗಳಲ್ಲಿ ಗೋದಾಮುಗಳು ಎದ್ದವು. ನಾಸಿಕದ ಹೆದ್ದಾರಿ ಪಕ್ಕದಲ್ಲೇ ಇದೆ. 1989ರಲ್ಲಿ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ತೆರೆದ ಮೇಲೆ ಹಡಗಿನ ಸರಕೂ ಈ ಕಡೆ ಬರತೊಡಗಿತು.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಜಕಾತಿ ಹೋಯಿತು. ಇನ್ನು ಭಿವಂಡಿ ಬರಿದಾಗುತ್ತದೆ ಎಂದು ಕೆಲವರು ಹೇಳಿದ್ದುಂಟು. ಆದದ್ದು ಬೇರೆ. ಹಿಂದೆ ರಾಜ್ಯದಿಂದ ರಾಜ್ಯಕ್ಕೆ ಮಾರಿದರೆ ಬೇರೆ ತೆರಿಗೆ ಬೀಳುತ್ತಿದ್ದುದರಿಂದ ಕಂಪನಿಗಳು ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುತ್ತಿದ್ದವು. ಆ ಕಾರಣ ತಪ್ಪಿದ ಮೇಲೆ ನಾಲ್ಕಾರು ಸಣ್ಣವನ್ನು ಮುಚ್ಚಿ ಒಂದು ದೊಡ್ಡದನ್ನು ಮಾಡತೊಡಗಿದವು. ಮನೆಬಾಗಿಲಿಗೆ ಸಾಮಾನು ಕಳುಹಿಸುವ ವ್ಯಾಪಾರವೂ ಅದೇ ವೇಳೆಗೆ ಬೆಳೆಯಿತು. ಪುಣೆಯ ಬಳಿ ಚಾಕಣ, ಚೆನ್ನೈ ಬಳಿ ಶ್ರೀಪೆರುಂಬುದೂರು, ಹೈದರಾಬಾದಿನ ಬಳಿ ಮೇಡ್ಚಲ್, ದಿಲ್ಲಿಯ ಬಳಿ ಗುರುಗ್ರಾಮದ ಸುತ್ತಿನ ಹಳ್ಳಿಗಳು, ನಮ್ಮದೇ ನಾಡಿನ ಹೊಸಕೋಟೆ, ನೆಲಮಂಗಲ, ಎಲ್ಲ ಕಡೆಯೂ ಈ ಉದ್ಯೋಗವಿದೆ. ಇಲ್ಲಿ ಕಲಿತದ್ದು ಊರಿನ ಹತ್ತಿರ ಹೋದರೂ ನಡೆಯುತ್ತದೆ.

ಈಗ ಒಂದು ಲಾರಿ ಸರಕಿನ ಜೊತೆ ಗೋದಾಮಿನೊಳಗೆ ಹೋಗೋಣ. ಲಾರಿ ಬಂದಾಗ ಚಾಲಕನ ಕೈಯಲ್ಲಿ ಕಳುಹಿಸಿದವರ ಇನ್‌ವಾಯ್ಸ್, ಲಾರಿ ಕಂಪನಿಯ ಎಲ್.ಆರ್. ಎಂಬ ಚೀಟಿ, ಅಂದರೆ ಹಿಂದಿಯವರು ಬಿಲ್ಟಿ ಎನ್ನುವುದು, ಮತ್ತು ಇ-ವೇ ಬಿಲ್ಲು ಇರುತ್ತವೆ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲು ಬೇಕೆಂಬುದು 2018ರ ಏಪ್ರಿಲಿನಿಂದ ಬಂದ ನಿಯಮ. ಮಹಾರಾಷ್ಟ್ರದೊಳಗೇ ಓಡುವ ಸರಕಿಗೆ ಈ ಮಿತಿ 1 ಲಕ್ಷ. ಅದರಲ್ಲಿ ಲಾರಿಯ ನಂಬರೂ ಇರುತ್ತದೆ. ಬಿಲ್ಲಿನಲ್ಲಿ ಒಂದು ಲಾರಿ, ಬಾಗಿಲಲ್ಲಿ ಇನ್ನೊಂದು ಲಾರಿ ನಿಂತಿದ್ದರೆ ಅಲ್ಲಿಯೇ ತಡೆಯಬೇಕು. ಸಾಮಾನ್ಯ ಲಾರಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಬಿಲ್ಲಿನ ಅವಧಿ. ಮುಗಿದದ್ದನ್ನು ಹಿಡಿದು ಲಾರಿ ಹೊರಡಿಸಿದರೆ ದಾರಿಯಲ್ಲಿ ದಂಡ ಬೀಳುತ್ತದೆ.

ಕಾಗದ ನೋಡಿದ ಮೇಲೆ ಇಳಿಸುವುದು, ಇಳಿಸುವಾಗಲೇ ಎಣಿಸುವುದು. ಇಡೀ ಗೋದಾಮಿನಲ್ಲಿ ಅತ್ಯಂತ ಜವಾಬ್ದಾರಿಯ ಜಾಗ ಇದೇ ಎಂದು ನಮ್ಮ ಅಭಿಪ್ರಾಯ. ಇಲ್ಲಿ ಹಾಕುವ ಒಂದು ಸಹಿಯಿಂದ ಸರಕಿನ ಹೊಣೆ ಲಾರಿಯವನ ತಲೆಯಿಂದ ಗೋದಾಮಿನ ತಲೆಗೆ ಬರುತ್ತದೆ. ನಮ್ಮ ಪರಿಚಯದ ತರುಣನೊಬ್ಬ ಚೆಕ್ಕರ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ರಾತ್ರಿ ಹನ್ನೊಂದಕ್ಕೆ ಲಾರಿ ಬಂತು. ಚೀಟಿಯಲ್ಲಿ 240 ಪೆಟ್ಟಿಗೆ. ಚಾಲಕನಿಗೆ ಅವಸರ, ಮೇಲ್ವಿಚಾರಕರಿಗೆ ಅದಕ್ಕಿಂತ ಅವಸರ. “ಹಾಕಪ್ಪಾ ಸಹಿ, ಬೆಳಿಗ್ಗೆ ಎಣಿಸೋಣ” ಎಂದರು. ಹಾಕಿದ. ಬೆಳಿಗ್ಗೆ ಎಣಿಸಿದರೆ 232. ಲಾರಿ ಕಂಪನಿ ಚೀಟಿ ತೋರಿಸಿತು: ಪೂರಾ ಸರಕು ತಲುಪಿದೆ ಎಂದು ನಿಮ್ಮವರದೇ ಸಹಿ ಇದೆಯಲ್ಲ. ಸಹಿ ಹಾಕಿಸಿದವರು ಆ ಮಾತನ್ನೇ ಎತ್ತಲಿಲ್ಲ. ಎಂಟು ಪೆಟ್ಟಿಗೆಯ ಹೊಣೆ ಹುಡುಗನ ಮೇಲೆ ಬಂತು. ಹಣ ಸಂಬಳದಲ್ಲಿ ಹಿಡಿದರು, ಕೆಲಸವೂ ಹೋಯಿತು. ಕಾರಣ ಕೇಳಿ, ಉತ್ತರ ಹೇಳಲು ಅವಕಾಶ ಕೊಡದೆ ನಷ್ಟದ ಹಣವನ್ನು ಸಂಬಳದಲ್ಲಿ ಹಿಡಿಯಕೂಡದು ಎಂದು ಕಾನೂನಿದೆ. ಅದು ಅವನಿಗೆ ಗೊತ್ತಿರಲಿಲ್ಲ, ಹೇಳುವವರೂ ಇರಲಿಲ್ಲ.

ಇಂಥ ವೇಳೆಯಲ್ಲಿ ಜಗಳ ಬೇಡ. ಎಣಿಸಲು ಬಿಡುವುದಿಲ್ಲವಾದರೆ “ಎಣಿಸದೆ ಇಳಿಸಿಕೊಳ್ಳಲಾಗಿದೆ” ಎಂದು ಚೀಟಿಯ ಮೇಲೆಯೇ ಬರೆದು, ಅದರ ಕೆಳಗೆ ಸಹಿ ಹಾಕಬೇಕು. ಎಣಿಸಿದರೆ, “240ರಲ್ಲಿ 232 ಬಂದಿವೆ, 8 ಕಡಿಮೆ, 3 ಒದ್ದೆಯಾಗಿವೆ” ಎಂದು ಬರೆದು, ಚಾಲಕನ ಸಹಿಯನ್ನೂ ಪಡೆದು, ಮೊಬೈಲಿನಲ್ಲಿ ಚೀಟಿಯ ಚಿತ್ರ ಹಿಡಿದಿಡಬೇಕು. ಒಂದು ನಿಮಿಷದ ಕೆಲಸ. ಹಾಗೆ ಬರೆದವನನ್ನು ಮೊದಮೊದಲು ‘ಕಿರಿಕಿರಿಯವನು’ ಎನ್ನುತ್ತಾರೆ. ಎರಡನೆಯ ಬಾರಿ ಕಂಪನಿಗೆ ಲಾರಿಯವರಿಂದ ಹಣ ವಸೂಲಾದ ಮೇಲೆ ಅವನನ್ನೇ ಹುಡುಕುತ್ತಾರೆ.

ಇಳಿಸಿದ ಸರಕಿಗೆ ಜಿ.ಆರ್.ಎನ್. ಎಂಬ ಆವಕದ ಚೀಟಿ ಆಗುತ್ತದೆ. ಬಳಿಕ ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಪ್ಯಾಲೆಟ್ಟುಗಳ ಮೇಲೆ ಕಟ್ಟಿ ರ್‍ಯಾಕಿಗೆ ಏರಿಸುತ್ತಾರೆ. ದೊಡ್ಡ ಗೋದಾಮಿನಲ್ಲಿ ಪ್ರತಿ ಗೂಡಿಗೂ ವಿಳಾಸವಿದೆ. ‘ಎ-04-3-12’ ಎಂದರೆ ‘ಎ’ ಎಂಬ ಓಣಿ, 4ನೆಯ ಕಂಬಸಾಲು, 3ನೆಯ ಅಂತಸ್ತು, 12ನೆಯ ಗೂಡು. ಮುಂಬಯಿಯ ಚಾಳಿನಲ್ಲಿ ಕೋಣೆ ಹುಡುಕಿದವರಿಗೆ ಇದು ಕಷ್ಟವಲ್ಲ. ಸರಕು ತಪ್ಪು ಗೂಡಿಗೆ ಸೇರಿತೋ, ಕಂಪ್ಯೂಟರಿನಲ್ಲಿ ಇದ್ದೂ ಕೈಗೆ ಸಿಗದು. ಕಳವಾಗದೆಯೂ ಕಳೆದುಹೋಗುವ ಸರಕೆಂದರೆ ಇದೇ.

ಲೆಕ್ಕದ ಮೂಲ ಮಾತ್ರ ಬಹಳ ಸರಳ. ಒಂದು ಬಗೆಯ ಮಿಕ್ಸರು ಬೆಳಿಗ್ಗೆ 60 ಇತ್ತು. ಹೊಸದಾಗಿ 48 ಬಂತು, 35 ಹೊರಗೆ ಹೋಯಿತು, ಗಿರಾಕಿಗಳಿಂದ 2 ಮರಳಿ ಬಂತು, ಒಂದು ಒಡೆದದ್ದೆಂದು ಬೇರೆ ಇಟ್ಟರು. 60ಕ್ಕೆ 48 ಕೂಡಿ 108. 35 ಕಳೆದು 73. 2 ಕೂಡಿ 75. 1 ಕಳೆದು 74. ಸಂಜೆ ರ್‍ಯಾಕಿನಲ್ಲಿ 74 ಇರಬೇಕು. ಇದನ್ನು ಬರೆಯುವ ಕಾರ್ಡಿಗೆ ಬಿನ್ ಕಾರ್ಡ್ ಎಂದು ಹೆಸರು. ಈಗ ಬಹುಕಡೆ ಕಾರ್ಡು ಹೋಗಿ ಸ್ಕ್ಯಾನರು ಬಂದಿದೆ, ಲೆಕ್ಕ ಬದಲಾಗಿಲ್ಲ. 73 ಸಿಕ್ಕಿದರೆ ಕೂಡಲೇ ಕಳವು ಎಂದು ಕೂಗಬಾರದು. ಮೊದಲು, ಇಂದು ಹೊರಹೋದದ್ದೆಲ್ಲ ಲೆಕ್ಕಕ್ಕೆ ಏರಿದೆಯೇ ನೋಡಬೇಕು. ಆಮೇಲೆ ಪ್ಯಾಕಿಂಗಿನ ಮೇಜು, ಬಳಿಕ ಪಕ್ಕದ ಗೂಡು. ಕೊನೆಗೆ ಅದೇ ಮಿಕ್ಸರಿನ ಬೇರೆ ಬಣ್ಣದ್ದನ್ನು ಎಣಿಸಬೇಕು: ಅಲ್ಲಿ ಒಂದು ಹೆಚ್ಚಿದ್ದರೆ ಕೆಂಪಿನ ಬದಲು ಬಿಳಿಯದು ಗಿರಾಕಿಗೆ ಹೋಗಿದೆ ಎಂದರ್ಥ. ಈ ಕ್ರಮದಲ್ಲಿ ಹುಡುಕಬಲ್ಲವನೇ ಮುಂದೆ ಇನ್‌ವೆಂಟರಿ ವಿಭಾಗಕ್ಕೆ ಹೋಗುತ್ತಾನೆ.

ಯಾವುದನ್ನು ಮೊದಲು ಕಳುಹಿಸಬೇಕೆಂಬುದಕ್ಕೂ ಶಾಸ್ತ್ರವಿದೆ. ಬಟ್ಟೆ, ಪಾತ್ರೆ, ಯಂತ್ರದ ಭಾಗಗಳಾದರೆ ಮೊದಲು ಬಂದದ್ದು ಮೊದಲು ಹೊರಗೆ. ಇದನ್ನು ಫೀಫೋ ಎನ್ನುತ್ತಾರೆ. ಔಷಧಿಗೂ ತಿನಿಸಿಗೂ ಇದು ಸಾಲದು. ಮೊದಲು ಬಂದ ಮಾತ್ರೆಯ ಅವಧಿ ಮಾರ್ಚಿನವರೆಗೆ, ಆಮೇಲೆ ಬಂದದ್ದರ ಅವಧಿ ಅದಕ್ಕೂ ಮುಂಚಿನ ಜನವರಿಯವರೆಗೆ ಇದ್ದರೆ, ಆಮೇಲೆ ಬಂದದ್ದೇ ಮೊದಲು ಹೋಗಬೇಕು. ಇದಕ್ಕೆ ಫೆಫೋ ಎಂದು ಹೆಸರು. ಸಂದರ್ಶನದಲ್ಲಿ ಈ ಎರಡರ ವ್ಯತ್ಯಾಸ ಕೇಳುವುದು ವಾಡಿಕೆ.

ಡಬ್ಬಿಗಳ ಮೇಲಿನ ಗೀಟುಗಳ ಗುರುತನ್ನೂ ಅರಿತಿರಬೇಕು. ಹದಿಮೂರು ಅಂಕೆಗಳ ಬಾರ್‌ಕೋಡು 890ರಿಂದ ಆರಂಭವಾದರೆ ಆ ನಂಬರನ್ನು ಕೊಟ್ಟದ್ದು ಭಾರತದ ಸಂಸ್ಥೆ ಎಂದರ್ಥ. ಸರಕು ಇಲ್ಲಿಯೇ ತಯಾರಾಯಿತು ಎಂದಲ್ಲ. ಈ ಎರಡನ್ನು ಬಹಳ ಜನ ಒಂದೇ ಎಂದು ತಿಳಿಯುತ್ತಾರೆ.

ಸರಕು ಹೊರಡಿಸುವುದು, ಅಂದರೆ ಬಟವಾಡೆಯ ಭಾಗ, ಇನ್ನೊಂದು ವಿದ್ಯೆ. ಒಂದು ಟೆಂಪೊ ಠಾಣೆ, ಮುಲುಂಡ್, ಘಾಟಕೋಪರ್ ಮೂರು ಕಡೆ ಇಳಿಸುತ್ತ ಹೋಗಬೇಕಾದರೆ ಘಾಟಕೋಪರಿನದು ಮೊದಲು ಏರಬೇಕು, ಠಾಣೆಯದು ಕೊನೆಗೆ ಬಾಗಿಲ ಬಳಿ. ಅದರೊಳಗೇ ಭಾರದ್ದು ಕೆಳಗೆ, ಹಗುರಾದದ್ದು ಮೇಲೆ. ಇದನ್ನು ತಿಳಿಯದೆ ತುಂಬಿದರೆ ಪ್ರತಿ ನಿಲುಗಡೆಯಲ್ಲೂ ಅರ್ಧ ಟೆಂಪೊ ಇಳಿಸಿ ಏರಿಸಬೇಕಾಗುತ್ತದೆ. ತಲುಪಿಸಿದ ಮೇಲೆ ಗಿರಾಕಿಯ ಸಹಿಯ ಚೀಟಿ, ಅಂದರೆ ಪಿ.ಒ.ಡಿ., ಮರಳಿ ಬರಬೇಕು. ಆ ಚೀಟಿ ಬಾರದೆ ನಮ್ಮಂಥ ಗುಮಾಸ್ತರು ಬಿಲ್ಲಿನ ಹಣ ಕೇಳುವಂತಿಲ್ಲ.

ಸೇರುವ ದಾರಿ ಹೀಗಿದೆ. ಮೊದಲ ಮೆಟ್ಟಿಲು ಸರಕು ಏರಿಸಿ ಇಳಿಸುವುದು, ಇಲ್ಲವೆ ಗೂಡಿನಿಂದ ಹೆಕ್ಕುವ ಪಿಕ್ಕರ್, ಕಟ್ಟುವ ಪ್ಯಾಕರ್ ಕೆಲಸ. ಪ್ಯಾಕಿಂಗಿನಲ್ಲಿ ಹೆಣ್ಣುಮಕ್ಕಳೂ ಬಹಳ ಮಂದಿ ಇದ್ದಾರೆ. ಅಲ್ಲಿಂದ ಮೇಲೆ ಸ್ಕ್ಯಾನರ್ ಹಿಡಿಯುವವನು, ಚೆಕ್ಕರ್, ಕಂಪ್ಯೂಟರಿನಲ್ಲಿ ಆವಕ ಜಾವಕ ಏರಿಸುವವನು, ಇನ್‌ವೆಂಟರಿಯವನು, ಪಾಳಿಯ ಮೇಲ್ವಿಚಾರಕ. ಹತ್ತನೆಯ ತರಗತಿ ಮುಗಿಸಿದವನು ಈ ಮೆಟ್ಟಿಲುಗಳನ್ನು ಹತ್ತುವುದನ್ನು ನಾವು ಕಂಡಿದ್ದೇವೆ. ಅದಕ್ಕೆ ಮೂರು ವಿದ್ಯೆ ಸಾಕು: ಎಕ್ಸೆಲ್ಲಿನಲ್ಲಿ ಕೂಡಿಸುವುದು, ಕಳೆಯುವುದು, ಹುಡುಕುವುದು, ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಪತ್ರ ಬರೆಯುವುದು, ಹಿಂದಿ, ಮರಾಠಿಗಳಲ್ಲಿ ಕೆಲಸದ ಮಾತು. ಕನ್ನಡಿಗರಲ್ಲಿ ಕನ್ನಡವಾಡಿರಿ, ಆದರೆ ಹಮಾಲರ ಜೊತೆ ಮರಾಠಿಯಲ್ಲಿ ನಾಲ್ಕು ಮಾತಾಡಬಲ್ಲ ಚೆಕ್ಕರನ ಲಾರಿ ಬೇಗ ಖಾಲಿಯಾಗುವುದನ್ನು ನಾವು ಕಣ್ಣಾರೆ ನೋಡಿದ್ದೇವೆ.

ಯಂತ್ರದ ಒಲವಿದ್ದವರಿಗೆ ಫೋರ್ಕ್‌ಲಿಫ್ಟ್ ನಡೆಸುವ ಕೆಲಸ ಒಳ್ಳೆಯದು. ಗೆಳೆಯನ ಪಕ್ಕ ಕೂತು ನೋಡಿ ಕಲಿತೆನೆಂದು ಹತ್ತಬೇಡಿ. ತರಬೇತಿ ಪಡೆದು ಪ್ರಮಾಣಪತ್ರ ಮಾಡಿಕೊಳ್ಳಿ. ಹೊರೆ ಎತ್ತರದಲ್ಲಿರುವಾಗ ತಿರುಗಿಸಿದರೆ ಆ ಗಾಡಿ ಮಗುಚುತ್ತದೆ, ಮಗುಚಿದಾಗ ಹೊರಗೆ ಹಾರಲು ಹೋದವರೇ ಅದರಡಿ ಸಿಕ್ಕುವುದು. ಬೆಲ್ಟು ಕಟ್ಟಿ ಒಳಗೇ ಹಿಡಿದು ಕೂರಬೇಕು. ಹಾಗೆಯೇ ಊಟದ ವೇಳೆಯಲ್ಲಿ ನಿಂತ ಲಾರಿಯ ನೆರಳಿನಲ್ಲಿ ಮಲಗುವ ಚಾಳಿಯನ್ನು ಮೊದಲ ದಿನವೇ ಬಿಡಿ.

ಪದವೀಧರರಾದ ಬಂಧುಗಳು ಸರಕಾರಿ ಉಗ್ರಾಣಗಳ ಕಡೆಗೂ ನೋಡಬೇಕು. ಕೇಂದ್ರ ಉಗ್ರಾಣ ನಿಗಮ 1957ರಲ್ಲಿ, ಭಾರತ ಆಹಾರ ನಿಗಮ 1965ರಲ್ಲಿ ಸ್ಥಾಪನೆಯಾದವು. ಇವು ಪರೀಕ್ಷೆಯ ಮೂಲಕ ನೇಮಿಸಿಕೊಳ್ಳುತ್ತವೆ.

ಇನ್ನು ಸಂಬಳದ ವಿಷಯ. ಭಿವಂಡಿಯಲ್ಲಿ ಹೊಸಬರನ್ನು ಬಹುವಾಗಿ ಸೇರಿಸಿಕೊಳ್ಳುವುದು ಗೋದಾಮಿನ ಮಾಲೀಕರಲ್ಲ, ಗುತ್ತಿಗೆದಾರರು. ಬಾಗಿಲ ಮೇಲೆ ದೊಡ್ಡ ಕಂಪನಿಯ ಹೆಸರಿದ್ದರೂ ನಿಮ್ಮ ಸಂಬಳ ಕೊಡುವವನು ಬೇರೆ. ಆ ಗುತ್ತಿಗೆದಾರನ ಹೆಸರು, ವಿಳಾಸವಿರುವ ನೇಮಕಪತ್ರ ಕೈಗೆ ಬಾರದೆ ಕೆಲಸ ಮುಂದುವರಿಸಬೇಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಪತ್ರ ಕೊಡಲೇಬೇಕೆಂದಿದೆ. ಹೆಚ್ಚಿನ ವೇಳೆಯ ಕೆಲಸಕ್ಕೆ ದುಪ್ಪಟ್ಟು ದರವೆಂದೂ ಇದೆ. ಸಮವಸ್ತ್ರಕ್ಕೆ, ಗುರುತಿನ ಚೀಟಿಗೆ, ‘ಹೆಸರು ಬರೆಸಲು’ ಎಂದು ಮುಂಗಡ ಹಣ ಕೇಳುವ ಏಜೆಂಟನ ಬಾಗಿಲಿನಿಂದ ಹಾಗೆಯೇ ಹಿಂದಿರುಗಿ.

ಸಂಬಳದ ಚೀಟಿಯನ್ನು ಓದಲು ಕಲಿಯಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯ ಸೇರಿ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಭವಿಷ್ಯನಿಧಿಗೆ ನಿಮ್ಮಿಂದ ನೂರಕ್ಕೆ 12ರಂತೆ 1,800 ಹಿಡಿಯುತ್ತಾರೆ. ಮಾಲೀಕನೂ ಅಷ್ಟೇ ಹಾಕಬೇಕು. ಅದರಲ್ಲಿ 1,250 ನಿಮ್ಮ ಪಿಂಚಣಿಯ ಖಾತೆಗೆ, 550 ನಿಧಿಗೆ ಹೋಗುತ್ತದೆ. ಇ.ಎಸ್.ಐ. ಆಸ್ಪತ್ರೆಯ ಸೌಲಭ್ಯಕ್ಕೆ 2019ರ ಜುಲೈಯಿಂದ ನಿಮ್ಮಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ. 18,000ದ ಸಂಬಳಕ್ಕೆ ನಿಮ್ಮದು 135, ಅವನದು 585. ಮಾತಾಡುವಾಗ ಏಜೆಂಟರು ಹೇಳುವ ‘ಸಿ.ಟಿ.ಸಿ.’ ಮೊತ್ತದಲ್ಲಿ ಮಾಲೀಕನ ಈ ಪಾಲುಗಳೂ ಸೇರಿರುತ್ತವೆ, ಆದುದರಿಂದ “ಕೈಗೆ ಎಷ್ಟು?” ಎಂದೇ ಕೇಳಿ.

ಹಿಡಿದ ಹಣ ಖಾತೆಗೆ ಬಿದ್ದಿದೆಯೇ ಎಂಬುದು ಇನ್ನೂ ಮುಖ್ಯ. ಚೀಟಿಯಲ್ಲಿ ಹಿಡಿದಂತೆ ತೋರಿಸಿ ನಿಧಿಗೆ ಕಟ್ಟದ ಗುತ್ತಿಗೆದಾರರಿದ್ದಾರೆ. ನಿಮ್ಮ ಯು.ಎ.ಎನ್. ನಂಬರು ಹನ್ನೆರಡು ಅಂಕೆಗಳದು; ಅದನ್ನು ಬರೆದಿಟ್ಟುಕೊಂಡು, ನಿಮ್ಮದೇ ಮೊಬೈಲ್ ನಂಬರನ್ನು ಅದಕ್ಕೆ ಜೋಡಿಸಿ, ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ಕು ತಿಂಗಳಿಗೊಮ್ಮೆ ನೋಡಿ. ಗುತ್ತಿಗೆದಾರ ಬದಲಾದಾಗ ಹೊಸ ನಂಬರು ಮಾಡಿಸಬೇಡಿ, ಹಳೆಯದನ್ನೇ ಕೊಡಿ. ಆಧಾರಿನಲ್ಲಿರುವ ಹೆಸರೂ ಅಲ್ಲಿರುವ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ನಮ್ಮವರ ಊರಿನ ಹೆಸರು, ತಂದೆಯ ಹೆಸರು ಹಿಂದೆ ಮುಂದೆ ಆಗಿ ಹಣ ತೆಗೆಯಲು ಒದ್ದಾಡಿದವರು ನಮ್ಮ ವಾಚನಾಲಯದಲ್ಲೇ ನಾಲ್ವರಿದ್ದಾರೆ.

ಹೊರೆ ಹೊರುವ ಕೆಲಸದಲ್ಲೇ ಇರುವವರು ಮಾಥಾಡಿ ಕಾನೂನನ್ನು ತಿಳಿದಿರಬೇಕು. ತಲೆ, ಬೆನ್ನುಗಳ ಮೇಲೆ ಹೊರೆ ಹೊರುವವರಿಗಾಗಿ ಅಣ್ಣಾಸಾಹೇಬ ಪಾಟೀಲರು ನಡೆಸಿದ ಹೋರಾಟದಿಂದ 1969ರಲ್ಲಿ ಮಹಾರಾಷ್ಟ್ರದಲ್ಲಿ ಅದು ಬಂತು. ಅದರಂತೆ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಕೆಲಸಗಾರನ ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಮಾಲೀಕ ಮಂಡಳಿಗೆ ಕಟ್ಟುತ್ತಾನೆ; ಮಂಡಳಿ ಕೆಲಸಗಾರನಿಗೆ ಕೊಡುತ್ತದೆ, ಭವಿಷ್ಯನಿಧಿ ಮೊದಲಾದವನ್ನೂ ನೋಡಿಕೊಳ್ಳುತ್ತದೆ. ಮುಕ್ಕಾದಮನ ಕೈಯಿಂದ ಕೂಲಿ ಎಣಿಸಿಕೊಳ್ಳುವವನಿಗೆ ಇದಾವುದೂ ಇಲ್ಲ. ನಿಮ್ಮ ಟೋಳಿಯ ಹೆಸರು ಮಂಡಳಿಯಲ್ಲಿದೆಯೇ ಎಂದು ಕೇಳುವುದು ತಪ್ಪಲ್ಲ.

ನೇಮಕಪತ್ರ ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಸಹಿ ಹಾಕುವ ಮೊದಲು ಅದರ ಚಿತ್ರ ಹಿಡಿದು ತನ್ನಿ. ಭಾನುವಾರ ಬೆಳಿಗ್ಗೆ ವಾಚನಾಲಯದಲ್ಲಿ ನಮ್ಮಲ್ಲಿ ಒಬ್ಬರಾದರೂ ಇರುತ್ತೇವೆ; ಓದಿ ಹೇಳುತ್ತೇವೆ, ಸಂಬಳದ ಚೀಟಿಯನ್ನೂ ಪಾಸ್‌ಬುಕ್ಕನ್ನೂ ತಾಳೆ ನೋಡಿಕೊಡುತ್ತೇವೆ. ಬಿನ್ ಕಾರ್ಡಿನ ಖಾಲಿ ನಮೂನೆಗಳನ್ನು ಪತ್ರಿಕೆಗಳ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇವೆ. ಬರೆದು ಅಭ್ಯಾಸ ಮಾಡುವವರು ತೆಗೆದುಕೊಳ್ಳಬಹುದು.